ಕೂಲಿಂಗ್ ಗ್ಲಾಸನ್ನೇ ಫಿಲ್ಟರ್ ಮಾಡಿಕೊಂಡು ಫೋಟೊ ತೆಗೆಯಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಫೋಟೊ ತೆಗೆಯಲು ಶುರು ಮಾಡಿ ಒಂದು ವರ್ಷ ಆಗಿರಬಹುದು. ಕೈಯಲ್ಲಿರುವುದು ಒಂದು ಫೋನು, ಜೊತೆಗೆ ಅಣ್ಣ ಬಳಸಿ ಬಿಟ್ಟ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ. ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಗಾಜು ಒಂದೂ ಇಲ್ಲ.

ಮೊನ್ನೆ ಮಧ್ಯಾಹ್ನ ಕೆರೆ ದಂಡೆಯಲ್ಲಿ ನಿಂತಿದ್ದೆ. ನೀರಿನ ಮೇಲೆ ಬೆಳಕು ಬಿದ್ದು ಬರೀ ಬೆಳ್ಳಗೆ ಕಾಣುತ್ತಿತ್ತು. ಹಾಕಿಕೊಂಡಿದ್ದ ಕೂಲಿಂಗ್ ಗ್ಲಾಸ್ ತೆಗೆದು ಸುಮ್ನೆ ಫೋನಿನ ಕ್ಯಾಮೆರಾ ಮುಂದೆ ಹಿಡಿದೆ. ತಳದ ಕಲ್ಲು, ಕಲ್ಲಿಗೆ ಅಂಟಿದ ಪಾಚಿ, ಅದರ ನಡುವೆ ನುಸುಳುತ್ತಿದ್ದ ಬೆರಳುದ್ದದ ಮೀನು, ಎಲ್ಲ ಪರದೆಯ ಮೇಲೆ ಮೂಡಿ ಬಂತು. ನಿಜವಾಗಿ ಮೈ ಜುಮ್ಮೆಂದಿತು.

ಮಾರನೇ ದಿನ ಮನೆಯಲ್ಲಿದ್ದ ಇನ್ನೊಂದು ಕೂಲಿಂಗ್ ಗ್ಲಾಸ್ ತಗೊಂಡು ಅದೇ ಜಾಗಕ್ಕೆ ಹೋದೆ. ಅದು ಮೊದಲನೆಯದಕ್ಕಿಂತ ಜಾಸ್ತಿ ಕಪ್ಪು, ಹಾಗಾಗಿ ಇನ್ನೂ ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೆ. ಏನೂ ಇಲ್ಲ, ಅದೇ ಬಿಳಿ ನೀರು. ಮತ್ತೆ ಮೊದಲನೆಯದನ್ನೇ ಹಿಡಿದು, ಫೋನನ್ನು ಕನ್ನಡಕದ ಸಮೇತ ಉದ್ದಕ್ಕೆ ತಿರುಗಿಸಿದರೆ ಆಗಲೂ ಮೀನು ಮಾಯ. ಡಿಎಸ್‌ಎಲ್‌ಆರ್ ಮುಂದೆ ಹಿಡಿದಾಗ ಅಂಚೆಲ್ಲ ಮಸುಕು, ಫೋಕಸ್ ಕೂಡ ಅತ್ತಿತ್ತ ಓಡುತ್ತದೆ. ಯಾಕೆ ಹೀಗೆ? ಇದರಲ್ಲಿ ಏನಾದರೂ ಸರಿಯಾದ ಕ್ರಮ ಇದೆಯಾ, ಅಥವಾ ಫಿಲ್ಟರ್ ತಗೊಳ್ಳುವುದೇ ದಾರಿಯಾ?

ಉತ್ತರ 1

ನಿಮ್ಮ ಮೊದಲನೇ ಕನ್ನಡಕ ಪೋಲರೈಸ್ಡ್. ಎರಡನೆಯದು ಬರೀ ಬಣ್ಣ ಹಾಕಿದ ಗಾಜು. ಎಷ್ಟು ಕಪ್ಪಗಿದೆ ಅನ್ನುವುದಕ್ಕೂ ನೀರಿನ ಹೊಳಪು ಹೋಗುವುದಕ್ಕೂ ಸಂಬಂಧ ಇಲ್ಲ. ಕಪ್ಪು ಗಾಜು ಮೀನಿನಿಂದ ಬರುವ ಬೆಳಕನ್ನೂ ಹೊಳಪನ್ನೂ ಒಂದೇ ಸಮ ಕಡಿಮೆ ಮಾಡುತ್ತದೆ. ಫೋನು ತಾನಾಗಿ ಎಕ್ಸ್‌ಪೋಷರ್ (ಚಿತ್ರ ಎಷ್ಟು ಬೆಳ್ಳಗೆ ಬರಬೇಕು ಅನ್ನುವ ಮಟ್ಟ) ಏರಿಸಿ ಮತ್ತೆ ಮೊದಲಿನ ಚಿತ್ರವನ್ನೇ ಕೊಡುತ್ತದೆ.

ಪೋಲರೈಸ್ಡ್ ಗಾಜು ಮಾಡುವ ಕೆಲಸ ಬೇರೆ. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಅಲುಗುತ್ತಿರುತ್ತದೆ. ನೀರಿಗೆ ಓರೆಯಾಗಿ ಬಿದ್ದು ಚಿಮ್ಮಿದ ಬೆಳಕು ಮಾತ್ರ ಹೆಚ್ಚಾಗಿ ನೆಲಕ್ಕೆ ಅಡ್ಡಡ್ಡ ಅಲುಗುತ್ತದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸಿನಲ್ಲಿರುವ ತೆಳು ಹಾಳೆಯನ್ನು ಆ ಅಡ್ಡ ಅಲೆ ತಡೆಯುವ ಹಾಗೇ ಕೂರಿಸಿರುತ್ತಾರೆ. ನೀರಿನೊಳಗಿಂದ ಬರುವ ಬೆಳಕಿಗೆ ಆ ಅಡ್ಡಡ್ಡ ಹಟ ಇಲ್ಲ, ಅದರಲ್ಲಿ ಸಾಕಷ್ಟು ದಾಟಿ ಬರುತ್ತದೆ. ಮೀನು ಕಂಡಿದ್ದು ಹೀಗೆ. ನೀವು ಫೋನಿನ ಜೊತೆ ಕನ್ನಡಕವನ್ನೂ ಉದ್ದಕ್ಕೆ ತಿರುಗಿಸಿದಿರಿ, ಅಲ್ವಾ? ಆಗ ಅದು ಹೊಳಪನ್ನೇ ಒಳಗೆ ಬಿಟ್ಟಿತು. ಫೋನ್ ಹೇಗಾದರೂ ತಿರುಗಲಿ, ನೀರಿನ ಎದುರು ಕನ್ನಡಕ ಮಾತ್ರ ಮುಖದ ಮೇಲೆ ಇದ್ದ ಹಾಗೇ ನೆಲಕ್ಕೆ ಮಟ್ಟಸವಾಗಿರಬೇಕು.

ನಿಂತ ಜಾಗವೂ ಮುಖ್ಯ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಹೊಳಪು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಕ್ಯಾಮೆರಾ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಎರಡು ಮೀಟರ್ ಆಚೆಯ ನೀರು ಆ ಕೋನಕ್ಕೆ ಸಿಗುತ್ತದೆ. ನೇರ ಕಾಲ ಬುಡದ ನೀರಿಗೆ ಹಿಡಿದರೆ ಪರಿಣಾಮ ತೀರಾ ಕಡಿಮೆ. ಈ ಕೋನದ ಲೆಕ್ಕವನ್ನು 1815ರಲ್ಲಿ ಕೊಟ್ಟವರು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. ಅದಕ್ಕೂ ಮೊದಲು, 1808ರಲ್ಲಿ, ಪ್ಯಾರಿಸ್ಸಿನಲ್ಲಿ ಮಾಲಸ್ ಎಂಬವರು ಅರಮನೆ ಕಿಟಕಿಯಿಂದ ಚಿಮ್ಮಿದ ಬಿಸಿಲನ್ನು ಒಂದು ಹರಳಿನ ಮೂಲಕ ನೋಡುತ್ತಾ, ಹರಳು ತಿರುಗಿಸಿದಂತೆ ಬೆಳಕು ಏರಿಳಿಯುವುದನ್ನು ಕಂಡಿದ್ದರು. ನೀವು ಕೆರೆ ದಂಡೆಯಲ್ಲಿ ಮಾಡಿದ್ದು ಅದೇ ಕೆಲಸ ಅಂತ ನನಗೆ ಓದುವಾಗಲೇ ಅನ್ನಿಸಿತು.

ಯಾವ ಕನ್ನಡಕ ಪೋಲರೈಸ್ಡ್ ಅಂತ ತಿಳಿಯಲು ಕಂಪ್ಯೂಟರಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಅದರ ಮುಂದೆ ಕನ್ನಡಕವನ್ನು ನಿಧಾನಕ್ಕೆ ತಿರುಗಿಸಿ. ಒಂದು ಕಡೆ ಬಂದಾಗ ಗಾಜು ಕಪ್ಪಾದರೆ ಪೋಲರೈಸ್ಡ್. ಎಷ್ಟು ತಿರುಗಿಸಿದರೂ ಹಾಗೇ ಇದ್ದರೆ ಅದು ಬರೀ ಬಣ್ಣ.

ಒಂದು ಮಾತು ನೆನಪಿರಲಿ: ಸ್ಟೀಲ್, ಕ್ರೋಮ್ ತರಹದ ಬರೀ ಲೋಹದ ಹೊಳಪು ಹೀಗೆ ಹೋಗುವುದಿಲ್ಲ. ಒದ್ದೆ ಎಲೆ, ಕಿಟಕಿ ಗಾಜು, ಒದ್ದೆ ರಸ್ತೆ, ಬಣ್ಣ ಬಳಿದ ಮೇಲ್ಮೈ, ಇವುಗಳ ಮೇಲೆ ಪ್ರಯತ್ನಿಸಿ.

ಉತ್ತರ 2

ಡಿಎಸ್‌ಎಲ್‌ಆರ್ ಬಗ್ಗೆ ನಾನು ಹೇಳುತ್ತೇನೆ, ಇದರಲ್ಲಿ ತುಂಬಾ ಸಮಯ ಕಳೆದಿದ್ದೇನೆ.

ಮಸುಕಿಗೆ ಕಾರಣ ಗಾಜಿನ ಬಾಗು. ಕೂಲಿಂಗ್ ಗ್ಲಾಸನ್ನು ಕಣ್ಣಿಗೆ ಅಂತ ಮಾಡಿರುತ್ತಾರೆ, ಕಣ್ಣಿನ ಪಾಪೆ ಕೆಲವೇ ಮಿಲಿಮೀಟರ್ ಅಗಲ. ಫೋನಿನ ಲೆನ್ಸೂ ಹಾಗೇ ಪುಟ್ಟದು. ಎರಡೂ ಗಾಜಿನ ಒಂದು ಸಣ್ಣ ತುಂಡಿನ ಮೂಲಕ ನೋಡುತ್ತವೆ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ದೊಡ್ಡ ಲೆನ್ಸು ಅಗಲವಾದ ಭಾಗದಿಂದ ಬೆಳಕು ತಗೊಳ್ಳುತ್ತದೆ, ಅಷ್ಟೂ ಅಗಲದಲ್ಲಿ ಗಾಜು ಒಂದೇ ತರಹ ಇರುವುದಿಲ್ಲ. ಲೆನ್ಸಿನೊಳಗೆ ಬೆಳಕು ಬರುವ ತೂತನ್ನು ಎಫ್/8 ಅಥವಾ ಎಫ್/11ಕ್ಕೆ ಕಿರಿದು ಮಾಡಿ ನೋಡಿ, ಎಷ್ಟೋ ಸರಿಹೋಗುತ್ತದೆ. 18-55 ಮಿಲಿಮೀಟರ್ ಜೂಮ್ ಲೆನ್ಸ್ ಆಗಿದ್ದರೆ 35ರಿಂದ 50ರ ಹತ್ತಿರ ಇಟ್ಟುಕೊಳ್ಳಿ. 18ಕ್ಕೆ ಹೋದರೆ ಕನ್ನಡಕದ ಫ್ರೇಮ್ ಒಳಗೆ ಬರುತ್ತದೆ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ಗಾಜಿನ ಪ್ರತಿ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಪವರ್ ಇರುವ ಕನ್ನಡಕ ಬೇಡ, ಫೋಕಸ್ಸೇ ಬದಲಾಗುತ್ತದೆ.

ಫೋಕಸ್ ಓಡುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಪೋಲರೈಸ್ಡ್ ಕೂಲಿಂಗ್ ಗ್ಲಾಸಿನಲ್ಲಿರುವುದು ಲೀನಿಯರ್ ಪೋಲರೈಸರ್, ಅಂದರೆ ಒಂದೇ ದಿಕ್ಕಿಗೆ ಅಲುಗುವ ಬೆಳಕನ್ನು ಬಿಡುವಂಥದ್ದು. ಡಿಎಸ್‌ಎಲ್‌ಆರ್ ಒಳಗಿನ ಕನ್ನಡಿ ಸ್ವಲ್ಪ ಬೆಳಕನ್ನು ಫೋಕಸ್ ಮತ್ತು ಬೆಳಕು ಅಳೆಯುವ ಮೀಟರ್ ಕಡೆಗೆ ಹಂಚುತ್ತದೆ. ಬರುವ ಬೆಳಕು ಒಂದೇ ದಿಕ್ಕಿಗೆ ಅಲುಗುತ್ತಿದ್ದರೆ ಆ ಹಂಚಿಕೆ ಏರುಪೇರಾಗುತ್ತದೆ. ಅಂಗಡಿಯ ಪೋಲರೈಸರ್ ಫಿಲ್ಟರುಗಳ ಮೇಲೆ ಸರ್ಕ್ಯುಲರ್ ಅಂತ ಬರೆದಿರುವುದು ಇದನ್ನು ತಪ್ಪಿಸಲಿಕ್ಕೆ. ಲೈವ್ ವ್ಯೂಗೆ (ಹಿಂದಿನ ಪರದೆಯಲ್ಲೇ ಚಿತ್ರ ನೋಡುವ ವಿಧಾನ) ಹೋಗಿ, ಪರದೆಯ ಚಿತ್ರ ದೊಡ್ಡದು ಮಾಡಿ, ಕೈಯಲ್ಲಿ ಫೋಕಸ್ ಮಾಡಿ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೂ ಫೋನಿಗೂ ಈ ತಲೆನೋವಿಲ್ಲ.

ಹಿಡಿಯುವ ರೀತಿ ಹೇಳಿಬಿಡುತ್ತೇನೆ. ಕನ್ನಡಕದ ಒಂದು ಕಡ್ಡಿ ಮಡಚಿ, ಇನ್ನೊಂದನ್ನು ಲೆನ್ಸಿನ ಪಕ್ಕದಲ್ಲಿ ಹಿಂದಕ್ಕೆ ಚಾಚಿ, ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಿರಿ. ಗಾಜು ಲೆನ್ಸಿಗೆ ತಾಗಬಾರದು, ಗೀರು ಬಿದ್ದರೆ ಮುಗಿಯಿತು. ನಾನು ನಡುವೆ ಕಪ್ಪು ಬಟ್ಟೆಯನ್ನು ಬಳೆಯ ಹಾಗೆ ಸುತ್ತಿ ಇಡುತ್ತೇನೆ. ಅದು ಗೀರನ್ನೂ ತಪ್ಪಿಸುತ್ತದೆ, ಪಕ್ಕದಿಂದ ಬೆಳಕು ನುಗ್ಗಿ ಗಾಜಿನ ಒಳಮೈಯಲ್ಲಿ ನಮ್ಮದೇ ಅಂಗಿಯ ಪ್ರತಿಬಿಂಬ ಕಾಣುವುದನ್ನೂ ತಪ್ಪಿಸುತ್ತದೆ. ತಿಳಿ ಬಣ್ಣದ ಅಂಗಿ ಹಾಕಿದ ದಿನ ಇದು ನನ್ನ ಎಷ್ಟೋ ಚಿತ್ರ ಕೆಡಿಸಿದೆ.

ನಿಮ್ಮ ಕಪ್ಪು ಕನ್ನಡಕವನ್ನೂ ಎಸೆಯಬೇಡಿ. ಕೆಲವು ಕನ್ನಡಕದ ಕಡ್ಡಿಯ ಒಳಗಡೆ 0ಯಿಂದ 4ರವರೆಗಿನ ಒಂದು ಅಂಕಿ ಇರುತ್ತದೆ. 3 ಅಂದರೆ 8ರಿಂದ 18 ಶೇಕಡಾ ಬೆಳಕು ಮಾತ್ರ ದಾಟುತ್ತದೆ. ಎಂಟರಲ್ಲಿ ಒಂದು ಪಾಲು ಅಂತಿಟ್ಟುಕೊಂಡರೆ ಮೂರು ಸ್ಟಾಪ್ (ಬೆಳಕು ಒಂದು ಸಲ ಅರ್ಧವಾದರೆ ಒಂದು ಸ್ಟಾಪ್). ಅಂದರೆ 1/60 ಸೆಕೆಂಡಿನ ಶಟರ್ 1/8ರ ಹತ್ತಿರ ಬರುತ್ತದೆ, ಹರಿಯುವ ನೀರು ಎಳೆ ಎಳೆಯಾಗಿ ಕಾಣಲು ಇಷ್ಟು ಸಾಕು. ಬೆಳಕು ಕಡಿಮೆ ಮಾಡಲಿಕ್ಕೆಂದೇ ಇರುವ ಎನ್‌ಡಿ ಫಿಲ್ಟರ್ ಮಾಡುವುದೂ ಇದೇ. ಕ್ಯಾಮೆರಾವನ್ನು ಕಲ್ಲಿನ ಮೇಲೋ ಟ್ರೈಪಾಡ್ ಮೇಲೋ ಇಟ್ಟು, ಫೋನಾದರೆ ಪ್ರೊ ಮೋಡಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಮತ್ತು ಶಟರ್ ಎರಡನ್ನೂ ನೀವೇ ಹಾಕಿ. ಇಲ್ಲದಿದ್ದರೆ ಅದು ಐಎಸ್‌ಒ ಏರಿಸಿ ಎಲ್ಲ ಹಾಳು ಮಾಡುತ್ತದೆ.

ಉತ್ತರ 3

ದಯವಿಟ್ಟು ಒಂದು ವಿಷಯ. ಕೂಲಿಂಗ್ ಗ್ಲಾಸ್ ಹಿಡಿದುಕೊಂಡು ಸೂರ್ಯನಿಗೆ ನೇರ ಗುರಿ ಇಡಬೇಡಿ. ಗ್ರಹಣಕ್ಕಂತೂ ಖಂಡಿತ ಬೇಡ, ಎರಡು ಮೂರು ಕನ್ನಡಕ ಒಂದರ ಮೇಲೊಂದು ಇಟ್ಟರೂ ಬೇಡ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಅದರಲ್ಲಿ ಸಾಕಷ್ಟು ದಾಟುತ್ತದೆ. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಲೆನ್ಸು ಆ ಬೆಳಕನ್ನು ಒಟ್ಟುಮಾಡಿ ಕಣ್ಣಿಗೇ ಕಳಿಸುತ್ತದೆ. ಕಣ್ಣು ಸುಡುವಾಗ ನೋವೂ ಗೊತ್ತಾಗುವುದಿಲ್ಲ. ಸೂರ್ಯನ ಚಿತ್ರಕ್ಕೆ ಲೆನ್ಸಿನ ಮುಂದೆ ಹಾಕುವ ಸೋಲಾರ್ ಫಿಲ್ಟರ್ ಬೇರೆಯೇ ಇದೆ.

ಉತ್ತರ 4

ಬಣ್ಣದ ಗಾಜಿನ ಇನ್ನೊಂದು ಉಪಯೋಗ ಯಾರೂ ಹೇಳಲಿಲ್ಲ. ಕಪ್ಪು ಬಿಳುಪು ಚಿತ್ರಕ್ಕೆ ಕಿತ್ತಳೆ ಅಥವಾ ಕಂದು ಬಣ್ಣದ ಕೂಲಿಂಗ್ ಗ್ಲಾಸ್ ಹಿಡಿದು ನೋಡಿ. ಅದು ನೀಲಿಯನ್ನು ತಡೆಯುತ್ತದೆ, ಆಕಾಶ ಗಾಢವಾಗಿ ಮೋಡ ಎದ್ದು ಕಾಣುತ್ತದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರಲ್ಲಿ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರಿನಲ್ಲಿ ತೆಗೆದರು, ತೃಪ್ತಿಯಾಗದೆ ಗಾಢ ಕೆಂಪು ಫಿಲ್ಟರ್ ಹಾಕಿ ಮತ್ತೊಂದು ತೆಗೆದರು. ಆಕಾಶ ಹೆಚ್ಚುಕಡಿಮೆ ಕಪ್ಪಾಗಿರುವ ಪ್ರಸಿದ್ಧ ಚಿತ್ರ ಆ ಎರಡನೆಯದು.

ಬಣ್ಣದ ಚಿತ್ರಕ್ಕಾದರೆ ಬೂದು ಗಾಜು ಒಳ್ಳೆಯದು. ಬೇರೆ ಬಣ್ಣವಾದರೆ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗೇ ಬರುವಂತೆ ಮಾಡುವ ಸೆಟ್ಟಿಂಗ್) ಕನ್ನಡಕದ ಮೂಲಕವೇ ಒಂದು ಬಿಳಿ ಹಾಳೆ ತೋರಿಸಿ ಕೂರಿಸಿ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಇಟ್ಟುಕೊಳ್ಳಿ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಬಣ್ಣ ಕಂಪ್ಯೂಟರಿನಲ್ಲಿ ಆಮೇಲೂ ಸೇರಿಸಬಹುದು. ಹೊಳಪಿನ ಅಡಿಯಲ್ಲಿ ಮುಚ್ಚಿಹೋದ ಕಲ್ಲನ್ನು ಆಮೇಲೆ ಎಲ್ಲಿಂದ ತರುವುದು? ಮನೆಯಲ್ಲಿರುವ ಕನ್ನಡಕಗಳಲ್ಲಿ ಪೋಲರೈಸ್ಡ್ ಯಾವುದೋ ಅದನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಆಕಾಶಕ್ಕೂ ಅದು ಕೆಲಸ ಮಾಡುತ್ತದೆ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಎಲ್ ಅಕ್ಷರದ ಹಾಗೆ ಬಿಡಿಸಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ತೋರಿಸುವ ಪಟ್ಟಿಯಲ್ಲಿ ನೀಲಿ ಅತಿ ಗಾಢವಾಗುತ್ತದೆ. ಇಲ್ಲಿ ಕನ್ನಡಕ ಮಟ್ಟಸವಾಗಿರಬೇಕು ಅಂತಿಲ್ಲ, ತಿರುಗಿಸುತ್ತಾ ನೋಡಬೇಕು. ತುಂಬಾ ಅಗಲದ ಲೆನ್ಸಿನಲ್ಲಿ ಮಾತ್ರ ಆಕಾಶ ಒಂದು ಕಡೆ ಗಾಢ, ಒಂದು ಕಡೆ ತಿಳಿ ಬರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪರದೆ ಪರೀಕ್ಷೆ ಮಾಡಿದೆ, ಮೊದಲನೆಯದು ಕಪ್ಪಾಯಿತು, ಎರಡನೆಯದು ಹಾಗೇ ಇತ್ತು. ಇವತ್ತು ಬೆಳಿಗ್ಗೆ ಕನ್ನಡಕ ಮಟ್ಟಸವಾಗಿ ಹಿಡಿದು ಫೋನ್ ಮಾತ್ರ ಉದ್ದಕ್ಕೆ ತಿರುಗಿಸಿದೆ, ಮೀನು ಸಿಕ್ಕಿತು, ಅದರ ನೆರಳು ಕಲ್ಲಿನ ಮೇಲೆ ಬಿದ್ದಿರುವುದೂ ಬಂದಿದೆ. ಡಿಎಸ್‌ಎಲ್‌ಆರ್‌ನಲ್ಲಿ ಎಫ್/11ಕ್ಕೆ ಇಟ್ಟಾಗ ಮಧ್ಯಭಾಗ ಸ್ಪಷ್ಟ, ಮೂಲೆಗಳು ಇನ್ನೂ ಸ್ವಲ್ಪ ಮೆತ್ತಗಿವೆ. ಮೂಲೆ ಕತ್ತರಿಸಿ ಇಟ್ಟುಕೊಂಡೆ.

ಉತ್ತರ 1

ನೆರಳೂ ಬಂದಿದ್ದು ಕೇಳಿ ಖುಷಿಯಾಯಿತು. ಹೊರಗೆ ಹೋಗಲಾಗದ ದಿನ ಇದನ್ನು ಮಾಡಿ: ಅದೇ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಫೋನಿನ ಮುಂದೆ ಕನ್ನಡಕ ಹಿಡಿದು, ಪರದೆ ಕಪ್ಪಾಗಿ ಕಾಣುವ ತನಕ ಕನ್ನಡಕ ತಿರುಗಿಸಿ, ಪರದೆಗೂ ಕನ್ನಡಕಕ್ಕೂ ನಡುವೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಇಡಿ. ಅಚ್ಚಿನಲ್ಲಿ ಎರಕ ಹೊಯ್ಯುವಾಗ ಪ್ಲಾಸ್ಟಿಕ್ಕಿನೊಳಗೆ ಉಳಿದ ಬಿಗಿತ ಕಾಮನಬಿಲ್ಲಿನ ಬಣ್ಣಗಳಾಗಿ ಕಾಣುತ್ತದೆ, ತೂತಿನ ಸುತ್ತ ಬಣ್ಣದ ಗೆರೆಗಳು ಒತ್ತೊತ್ತಾಗಿರುತ್ತವೆ. ಸ್ಕೇಲನ್ನು ಸ್ವಲ್ಪ ಬಾಗಿಸಿದರೆ ಬಣ್ಣ ಸರಿದಾಡುವುದನ್ನು ವೀಡಿಯೊ ಕೂಡ ಮಾಡಬಹುದು.