ಲಕ್ಕೋಟೆ (ಲೋಕ್ವಾಟ್) ಹಣ್ಣು ಕಿತ್ತಿಟ್ಟರೂ ಹುಳಿ ಹೋಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮ ಹಿತ್ತಲಿನ ಲಕ್ಕೋಟೆ ಮರ ಬೀಜದಿಂದ ಬೆಳೆದದ್ದು. ಎಂಟು ವರ್ಷ ಕಾದ ಮೇಲೆ ಈಗ ಮೊದಲ ಫಲ. ನವೆಂಬರ್‌ನಲ್ಲಿ ಹೂ ಬಿಟ್ಟಾಗ ಹಿತ್ತಲೆಲ್ಲ ಘಮಘಮಿಸುತ್ತಿತ್ತು. ಮೊನ್ನೆ ಕಾಯಿ ಹಳದಿಯಾದೊಡನೆ ಕಿತ್ತು, ಮಾವಿನಕಾಯಿಯ ಹಾಗೆ ಅಕ್ಕಿ ಡಬ್ಬದಲ್ಲಿ ಹಣ್ಣಿಗೆ ಹಾಕಿದೆ. ನಾಲ್ಕು ದಿನಕ್ಕೆ ಸಿಪ್ಪೆ ಸುಕ್ಕಾಯಿತು, ಹುಳಿ ಮಾತ್ರ ಹಾಗೆಯೇ ಇದೆ. ಗಾತ್ರವೂ ನೆಲ್ಲಿಕಾಯಿಯಷ್ಟೇ. ಊರಿನಿಂದ ಬಂದಿರುವ ಅಮ್ಮ ಮುಂದಿನ ವಾರ ಹೊರಡುತ್ತಾರೆ. ಅಷ್ಟರೊಳಗೆ ಅವರಿಗೆ ಒಂದಾದರೂ ಸಿಹಿ ಹಣ್ಣು ತಿನ್ನಿಸಬೇಕು.

ಉತ್ತರ 1:
ಇದು ಮಾವಿನಂತಲ್ಲ, ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ಮರದಲ್ಲೇ ಬಿಡಿ. ತೊಟ್ಟಿನ ಸುತ್ತಲಿನ ಹಸಿರು ಪೂರ್ತಿ ಹೋಗಿ, ಒತ್ತಿದರೆ ತುಸು ಮೆತ್ತಗಾದ ಮೇಲೆ ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಿ. ಗಾತ್ರ ಬೇಕಾದರೆ ಮುಂದಿನ ಸಲ ಎಳೆಗಾಯಿಯಲ್ಲೇ ಗೊಂಚಲಿಗೆ ನಾಲ್ಕೈದು ಉಳಿಸಿ ಮಿಕ್ಕದ್ದನ್ನು ತೆಗೆದುಬಿಡಿ. ಕೈ ನಡುಗುತ್ತದೆ, ಆದರೂ ಮಾಡಿ.

ಉತ್ತರ 2:
ಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಇಲ್ಲದಿದ್ದರೆ ಅಳಿಲು, ಹಕ್ಕಿಗಳು ನಿಮಗಿಂತ ಮೊದಲು ಬರುತ್ತವೆ. ಹೊಳೆಯುವ ಕಂದು ಬೀಜವನ್ನು ಮಕ್ಕಳು ಜಗಿಯದಂತೆ ನೋಡಿಕೊಳ್ಳಿ, ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹುಳಿ ಹಣ್ಣನ್ನು ಎಸೆಯಬೇಡಿ. ಬೀಜ ತೆಗೆದು, ಬೆಲ್ಲ ಮತ್ತು ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದರೆ ದೋಸೆಗೆ ಬಹಳ ಚೆನ್ನ.

ಪ್ರಶ್ನೆ ಕೇಳಿದವರು:
ಐದು ದಿನ ಕಾದೆ. ಇಂದು ಬೆಳಿಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಮೂರು ಹಣ್ಣು ಸಿಕ್ಕವು. ಅಮ್ಮ ಸಿಪ್ಪೆ ಸುಲಿದು ಮೂರನ್ನೂ ತಿಂದರು, ಬೀಜಗಳನ್ನು ತೊಳೆದು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಾರೆ.