ಎಚ್‌ಆರ್ ಮೇಡಂಗೆ ಕೇಳಿ: ಚಟುವಟಿಕೆ ಅಂಕ, ಮನೆಯಿಂದ ಕೆಲಸ, ಬಿಳಿ ಅಕ್ಷರದ ರೆಸ್ಯೂಮೆ

ಎಚ್‌ಆರ್ ಮೇಡಂ: ಎಲ್ಲರಿಗೂ ನಮಸ್ಕಾರ. 18 ವರ್ಷದಿಂದ ನೇಮಕಾತಿ, ಅಪ್ರೈಸಲ್, ದೂರು ವಿಚಾರಣೆ ಇದೇ ನನ್ನ ಕೆಲಸ. ಇವತ್ತು ಸಂಜೆ ಎರಡು ಗಂಟೆ ಇಲ್ಲಿರುತ್ತೇನೆ. ಕೆಲಸದ ಜಾಗ ಹೇಗೆ ಬದಲಾಗುತ್ತಿದೆ ಅನ್ನುವ ಬಗ್ಗೆ ಕೇಳಿ. ಕಂಪನಿ ಹೆಸರು, ಮ್ಯಾನೇಜರ್ ಹೆಸರು ಬರೆಯಬೇಡಿ.

ಹೊಸಬ: ಮೇಡಂ, ಒಂದು ಫಾರ್ವರ್ಡ್ ಓಡಾಡ್ತಿದೆ. ಜಾಹೀರಾತಿನ ಪದಗಳನ್ನೆಲ್ಲ ರೆಸ್ಯೂಮೆ ಕೊನೆಯಲ್ಲಿ ಬಿಳಿ ಬಣ್ಣದಲ್ಲಿ ಅಂಟಿಸಿದರೆ ಕಂಪ್ಯೂಟರ್ ನಮ್ಮನ್ನೇ ಮೊದಲು ಆರಿಸುತ್ತದಂತೆ. ನಿಜವಾ?

ಎಚ್‌ಆರ್ ಮೇಡಂ: ಮಾಡಬೇಡಿ. ಅರ್ಜಿ ನೋಡುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಫೈಲಿನಿಂದ ಅಕ್ಷರಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ, ಬಣ್ಣ ಬಿಟ್ಟುಹೋಗುತ್ತದೆ. ನೀವು ಬಚ್ಚಿಟ್ಟದ್ದು ನಮ್ಮ ಪರದೆಯಲ್ಲಿ ಕಪ್ಪಾಗಿಯೇ ಕಾಣುತ್ತದೆ. ಒಬ್ಬ ಹುಡುಗನ ಅರ್ಜಿಯ ಕೊನೆಯಲ್ಲಿ ನಮ್ಮದೇ ಜಾಹೀರಾತು, 'ಅರ್ಜಿ ಕಳಿಸಲು ಇಲ್ಲಿ ಒತ್ತಿ' ಅನ್ನುವ ಸಾಲಿನ ಸಮೇತ ಕೂತಿತ್ತು. ಒಳ್ಳೆಯ ಅನುಭವ ಇದ್ದವನು. ಮುಂದಿನ ಸುತ್ತಿಗೆ ಕರೆಯಲು ತಂಡ ಒಪ್ಪಲಿಲ್ಲ. ನಿಮಗೆ ನಿಜವಾಗಿ ಬರುವ ಕೆಲಸಕ್ಕೆ ಜಾಹೀರಾತಿನಲ್ಲಿ ಯಾವ ಪದ ಇದೆಯೋ ಅದೇ ಪದ ಬರೆಯಿರಿ. ಅಷ್ಟು ಸಾಕು.

ಮತ್ತೆ ಶುರು: ಮನೆಯ ಕಾರಣಕ್ಕೆ ಮೂರು ವರ್ಷ ಕೆಲಸ ಬಿಟ್ಟಿದ್ದೆ. ಈ ಗ್ಯಾಪ್ ರೆಸ್ಯೂಮೆಯಲ್ಲಿ ಹೇಗೆ ಬರೆಯಲಿ ಮೇಡಂ?

ಪೆನ್ಸಿಲ್: ಮೇಡಂ, ಕೈ ನಡುಗ್ತಿದೆ, ತಪ್ಪಿದ್ದರೆ ಕ್ಷಮಿಸಿ. ಕರಾರು ಪತ್ರ ಓದಿ ತಪ್ಪು ಹುಡುಕುವುದು ನನ್ನ ಕೆಲಸ, ಮನೆಯಿಂದಲೇ. ಒಂದೊಂದೂ 60-70 ಪುಟ. ಪರದೆಯಲ್ಲಿ ಓದಿದರೆ ತಪ್ಪು ಕಣ್ಣಿಗೆ ಬೀಳಲ್ಲ. ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಓದ್ತೀನಿ. ಮೂರು ತಿಂಗಳ ಹಿಂದೆ ಲ್ಯಾಪ್‌ಟಾಪಿಗೆ ಏನೋ ಸಾಫ್ಟ್‌ವೇರ್ ಹಾಕಿದರು. ಇವತ್ತು ವಿಡಿಯೊ ಕಾಲ್‌ನಲ್ಲಿ ಮ್ಯಾನೇಜರ್ ಒಂದು ಗ್ರಾಫ್ ತೋರಿಸಿದರು. ನನ್ನ ಚಟುವಟಿಕೆ 41, ತಂಡದ ಸರಾಸರಿ 78. ನಾಳೆ ಬೆಳಿಗ್ಗೆ 10ರೊಳಗೆ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಕೊಡ್ತಾರಂತೆ. ಇಲ್ಲದಿದ್ದರೆ ಅವರೇ ತೆಗೀತಾರಂತೆ. ಮೇಲ್ ಏನೂ ಬಂದಿಲ್ಲ. ಏನು ಮಾಡಲಿ?

ಎಚ್‌ಆರ್ ಮೇಡಂ: ಮೊದಲು ಇದೊಂದು ಸಾಲು ಓದಿ: ರಾಜೀನಾಮೆ ಕೊಡಬೇಡಿ. ನೀವಾಗಿ ಬಿಟ್ಟ ಮೇಲೆ 'ಬಲವಂತ ಮಾಡಿದರು' ಎಂದು ತೋರಿಸುವುದು ತುಂಬಾ ಕಷ್ಟ. ಒಂದೇ ರಾತ್ರಿಯ ಗಡುವು, ಬರವಣಿಗೆಯಲ್ಲಿ ಏನೂ ಇಲ್ಲ. ಇವೆರಡೂ ಒಟ್ಟಿಗೆ ಕಂಡರೆ ನನಗೆ ಭಯವಾಗುತ್ತದೆ.

ಆ 41 ಏನು ಗೊತ್ತಾ? ಇಂಥ ಸಾಫ್ಟ್‌ವೇರ್ ಹೆಚ್ಚಾಗಿ ಎಣಿಸುವುದು ಕೀಬೋರ್ಡ್ ಎಷ್ಟು ಸಲ ಒತ್ತಿದಿರಿ, ಮೌಸ್ ಎಷ್ಟು ಸರಿಯಿತು, ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದನ್ನು. ಕೆಲವು ನಡುನಡುವೆ ಪರದೆಯ ಚಿತ್ರವನ್ನೂ ತೆಗೆಯುತ್ತವೆ. ಕೆಲವು ನಿಮಿಷ ಕೈ ಆಡದಿದ್ದರೆ 'ಕೆಲಸವಿಲ್ಲ' ಎಂದು ಬರೆದುಕೊಳ್ಳುತ್ತವೆ. ನೀವು ಪೆನ್ಸಿಲ್ ಹಿಡಿದು ಒಂದೇ ಪುಟದ ಮೇಲೆ ಅರ್ಧ ಗಂಟೆ ಕೂತು ತಪ್ಪು ಹಿಡಿದಿರಲ್ಲ, ಆ ಅರ್ಧ ಗಂಟೆ ಅದರ ಲೆಕ್ಕದಲ್ಲಿ ಖಾಲಿ. ಸುಮ್ನೆ ಮೇಲ್ ತೆರೆದು ಮುಚ್ಚುತ್ತಾ ಕೂತವರಿಗೆ ಜಾಸ್ತಿ ಅಂಕ. ಐರೋಪ್ಯ ಒಕ್ಕೂಟ 2024ರಲ್ಲಿ ತಂದ ಎಐ ಕಾನೂನು ನೌಕರರನ್ನು ಅಳೆಯಲು ಬಳಸುವ ಎಐ ವ್ಯವಸ್ಥೆಗಳನ್ನು 'ಹೆಚ್ಚು ಅಪಾಯ'ದ ಗುಂಪಿಗೆ ಸೇರಿಸಿದ್ದು ಸುಮ್ನೆ ಅಲ್ಲ.

ಈಗಲೇ ಮ್ಯಾನೇಜರ್‌ಗೂ ನಿಮ್ಮ ಎಚ್‌ಆರ್‌ಗೂ ಸೇರಿಸಿ ಒಂದು ಚಿಕ್ಕ ಮೇಲ್ ಹಾಕಿ. ಸಿಟ್ಟು ಬೇಡ. 'ಇವತ್ತು ಇಷ್ಟು ಗಂಟೆಯ ಕಾಲ್‌ನಲ್ಲಿ ರಾಜೀನಾಮೆ ಕೊಡಲು ಹೇಳಿದಿರಿ. ಈ ಅಂಕ ಏನನ್ನು ಅಳೆಯುತ್ತದೆ? ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ? ನಾನು ಮುಗಿಸಿದ ಕರಾರುಗಳನ್ನು ಯಾರಾದರೂ ಇದರ ಪಕ್ಕ ಇಟ್ಟು ನೋಡಿದ್ದಾರಾ? ನಿರ್ಧಾರ ಯಾರದ್ದು? ಬರವಣಿಗೆಯಲ್ಲಿ ತಿಳಿಸಿ.' ಇಷ್ಟೇ.

ಮೂರು ತಿಂಗಳಲ್ಲಿ ಎಷ್ಟು ಕರಾರು ಮುಗಿಸಿದಿರಿ, ಎಷ್ಟು ವಾಪಸ್ ಬಂದವು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಂಪನಿಯ ಫೈಲುಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಗಾಬರಿಯಲ್ಲಿ ಹಾಗೆ ಮಾಡಿ, ಅದೇ ಕಾರಣಕ್ಕೆ ಕೆಲಸ ಕಳೆದುಕೊಂಡವರನ್ನು ನೋಡಿದ್ದೇನೆ. ನೋಟಿಸ್, ಪರಿಹಾರದ ನಿಯಮ ಒಂದೊಂದು ಕಡೆ ಒಂದೊಂದು ಥರ. ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ನಾಳೆಯೇ ಕೇಳಿ.

ಒಂದು ವಿಷಯ ಹೇಳಿ. ಪ್ರಿಂಟ್ ತೆಗೆಯಲು ಅನುಮತಿ ಇತ್ತಾ? ಗೌಪ್ಯ ಕಾಗದ ಮನೆಯಲ್ಲಿದೆ ಎಂದು ಅದನ್ನೇ ಹಿಡಿದುಕೊಳ್ಳಬಹುದು.

ಪೆನ್ಸಿಲ್: ಹಳೇ ಮ್ಯಾನೇಜರ್ ಮೇಲ್‌ನಲ್ಲಿ ಹೇಳಿದ್ದರು. ಹುಡುಕ್ತೀನಿ.

ತಂಡ ನಡೆಸುವವ: ಅಕ್ಕ, ಬೇಜಾರು ಮಾಡ್ಕೋಬೇಡಿ. ಮನೆಯಲ್ಲಿ ಕೂತರೆ ಹೀಗೇ ಆಗೋದು. ಆಫೀಸಿಗೆ ಬಂದಿದ್ದರೆ ಓದುತ್ತಿರುವುದು ಕಣ್ಣಿಗೆ ಕಾಣ್ತಿತ್ತು. ನನ್ನ 12 ಜನ ಈಗ ಏನು ಮಾಡ್ತಿದ್ದಾರೆ ಅಂತಾನೇ ನನಗೆ ಗೊತ್ತಾಗಲ್ಲ.

ಎರಡು ಮಕ್ಕಳ ಅಮ್ಮ: ಕೊಟ್ಟ ಕೆಲಸ ಮುಗಿದು ಬಂತಾ ಅಂತ ನೋಡಿ ಸರ್. ಗೊತ್ತಾಗುತ್ತೆ.

ಮೌಸ್ ಮಾಮ: ಇದಕ್ಕೆಲ್ಲ ಸುಲಭ ದಾರಿ ಇದೆ. ಮೌಸ್ ತಾನೇ ಅಲ್ಲಾಡುವ ಚಿಕ್ಕ ಯಂತ್ರ ಸಿಗುತ್ತೆ. ವಿಡಿಯೊ ಫಾರ್ವರ್ಡ್ ಮಾಡಿದ್ದೀನಿ ನೋಡಿ.

ಎಚ್‌ಆರ್ ಮೇಡಂ: ದಯವಿಟ್ಟು ಆ ವಿಡಿಯೊ ತೆಗೆಯಿರಿ. ಇಲ್ಲೊಬ್ಬರ ಕೆಲಸ ಹೋಗುವ ಹಂತದಲ್ಲಿದೆ. ಆ ಯಂತ್ರ ಸಿಕ್ಕಿಬಿದ್ದರೆ ಅದು ಮೋಸ ಅನ್ನಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ನಿಮ್ಮ ಕಡೆ ಇದ್ದ ನ್ಯಾಯವೂ ಹೋಗುತ್ತದೆ.

ತಂಡ ನಡೆಸುವವ: ನೋಡಿ, ಇದಕ್ಕೇ ಜನರನ್ನು ನಂಬಕ್ಕಾಗಲ್ಲ ಅನ್ನೋದು.

ಎರಡು ಮಕ್ಕಳ ಅಮ್ಮ: ನಂಬದೇ ಇದ್ದಿದ್ದಕ್ಕೇ ಅವರು ಯಂತ್ರ ಹುಡುಕ್ತಿರೋದು.

ಎಚ್‌ಆರ್ ಮೇಡಂ: ಚೀನಾದ ಟ್ರಿಪ್.ಕಾಮ್ ಕಂಪನಿಯ 1,612 ನೌಕರರ ಮೇಲೆ ನಡೆದ ಪ್ರಯೋಗ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅರ್ಧ ಜನ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದರು. ಆ ಗುಂಪಿನಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಪೂರ್ತಿ ಮನೆಯಿಂದಲೇ ಸರಿ ಎಂದು ನಾನು ಹೇಳಲ್ಲ. ಹೊಸದಾಗಿ ಸೇರಿದವರು ಪಕ್ಕದಲ್ಲಿ ಕೂತು ಕಲಿಯುವುದು ಬಹಳ ಇರುತ್ತದೆ.

ತಂಡ ನಡೆಸುವವ: ಅದು ಒಂದೇ ಕಂಪನಿ.

ಎರಡು ಮಕ್ಕಳ ಅಮ್ಮ: ನಿಮ್ಮ ತಂಡವೂ ಒಂದೇ ಅಲ್ವಾ? ಅದನ್ನೇ ಇಟ್ಕೊಂಡು ಊರಿಗೆಲ್ಲ ನ್ಯಾಯ ಹೇಳ್ತಿದ್ದೀರಿ.

ತಂಡ ನಡೆಸುವವ: ಮಾತು ನೋಡಿ ಆಡಿ.

ಎಚ್‌ಆರ್ ಮೇಡಂ: ಇಬ್ಬರೂ ಸಾಕು ಮಾಡಿ.

ಲೆಕ್ಕದವರು: '2030ರೊಳಗೆ 47% ಕೆಲಸ ಮಾಯ' ಅಂತ ಫಾರ್ವರ್ಡ್ ಬಂದಿದೆ. ಮಗಳನ್ನು ಕಾಮರ್ಸ್‌ಗೆ ಸೇರಿಸಿದ್ದೇ ತಪ್ಪಾಯ್ತಾ?

ಎಚ್‌ಆರ್ ಮೇಡಂ: ಆ 47% ಬಂದದ್ದು 2013ರಲ್ಲಿ, ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬರ್ನ್ ಬರೆದ ಪ್ರಬಂಧದಿಂದ. ಅಮೆರಿಕದ 702 ಬಗೆಯ ಉದ್ಯೋಗ ನೋಡಿ, ಯಾವುದನ್ನು ಯಂತ್ರಕ್ಕೆ ಒಪ್ಪಿಸಲು ಸಾಧ್ಯ ಎಂದು ಅಂದಾಜು ಮಾಡಿದ್ದರು. ಇಷ್ಟು ಕೆಲಸ ಹೋಗೇ ಹೋಗುತ್ತದೆ ಎಂದು ಅವರು ಬರೆದಿಲ್ಲ. ಮಗಳು ಓದಲಿ. ಲೆಕ್ಕ ಬರೆಯುವುದರ ಜೊತೆಗೆ, ಯಂತ್ರ ಬರೆದ ಲೆಕ್ಕದಲ್ಲಿ ತಪ್ಪು ಹಿಡಿಯುವುದನ್ನೂ ಕಲಿಯಲಿ.

ಇನ್ನೊಬ್ಬ ಹೊಸಬ: ಬಿಳಿ ಅಕ್ಷರದ ಉಪಾಯ ಕೆಲಸ ಮಾಡುತ್ತಾ ಮೇಡಂ?

ಎಚ್‌ಆರ್ ಮೇಡಂ: ಇಲ್ಲ. ಮೇಲೆ ಓದಿ.

ರಾತ್ರಿ ಪಾಳಿ: ಅರ್ಜಿ ಯಂತ್ರ ನೋಡಿದರೆ ಒಳ್ಳೇದೇ ಅಲ್ವಾ? ಪಕ್ಷಪಾತ ಇರಲ್ಲ.

ಎಚ್‌ಆರ್ ಮೇಡಂ: ಇರುತ್ತದೆ. ಅಮೆಜಾನ್ ತನ್ನ ಹಳೆಯ ಹತ್ತು ವರ್ಷದ ಅರ್ಜಿಗಳಿಂದ ಕಲಿಸಿದ ಸಾಧನವೊಂದು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತು ಎಂದು 2018ರಲ್ಲಿ ಸುದ್ದಿಯಾಯಿತು. ಹಳೆಯ ಅರ್ಜಿಗಳಲ್ಲಿ ಗಂಡಸರೇ ಜಾಸ್ತಿ ಇದ್ದರು, ಅದನ್ನೇ ಕಲಿತಿತ್ತು. ಕಂಪನಿ ಅದನ್ನು ಕೈಬಿಟ್ಟಿತು.

ಮೌಸ್ ಮಾಮ: ಮೌಸ್ ಯಂತ್ರ ನಾನು ಎರಡು ವರ್ಷದಿಂದ ಬಳಸ್ತಿದ್ದೀನಿ, ಏನೂ ಆಗಿಲ್ಲ. ಸುಮ್ನೆ ಹೆದರಿಸ್ತೀರಿ.

ಎಚ್‌ಆರ್ ಮೇಡಂ: ಕೆಲಸ ಹೋದವರ ಎದುರು ಕೂತು ಆ ಪತ್ರ ಓದಿ ಹೇಳಿದವಳು ನಾನು. ನಿಮಗೆ ಇನ್ನು ಉತ್ತರ ಕೊಡಲ್ಲ.

ಮತ್ತೆ ಶುರು: ಮೇಡಂ, ಮೂರು ವರ್ಷದ ಗ್ಯಾಪ್ ಬಗ್ಗೆ ಕೇಳಿದ್ದೆ.

ಪೆನ್ಸಿಲ್: ಮೇಡಂ, ಆ ಮೇಲ್ ಸಿಕ್ಕಿತು. 'ದೊಡ್ಡ ಕರಾರು ಪ್ರಿಂಟ್ ತೆಗೆದೇ ಓದಿ, ಆಮೇಲೆ ಹರಿದುಹಾಕಿ' ಅಂತ ಇದೆ. ನೀವು ಹೇಳಿದ ಹಾಗೆ ಬರೆದು ಕಳಿಸಿದೆ. 20 ನಿಮಿಷಕ್ಕೆ ಉತ್ತರ ಬಂತು: 'ನಾಳೆಯ ಗಡುವು ಸದ್ಯಕ್ಕೆ ಬೇಡ. ಸೋಮವಾರ ಮಾತಾಡೋಣ.'

ಎಚ್‌ಆರ್ ಮೇಡಂ: ಸೋಮವಾರದ ಕಾಲ್‌ನಲ್ಲಿ ಎಚ್‌ಆರ್ ಒಬ್ಬರು ಇರಲೇಬೇಕು ಎಂದು ಈಗಲೇ ಬರೆಯಿರಿ. ಮಾತಿನ ನಡುವೆ ಒತ್ತಾಯ ಮಾಡಿದರೆ 'ಯೋಚಿಸಿ ಬರವಣಿಗೆಯಲ್ಲಿ ಹೇಳುತ್ತೇನೆ' ಅನ್ನಿ. ಕಾಲ್ ಮುಗಿದ ತಕ್ಷಣ ಏನೇನು ಮಾತಾಯಿತು ಎಂದು ನೀವೇ ಮೇಲ್ ಹಾಕಿ. ಆಮೇಲೆ ಇಲ್ಲಿ ಬಂದು ಬರೆಯಿರಿ, ನೋಡುತ್ತಿರುತ್ತೇನೆ.