ಅಪ್‌ಡೇಟ್: ಕೊನೆಗೂ ಲಂಡನ್ನಿನಲ್ಲಿ ಮ್ಯೂಸಿಕಲ್ (ಹಾಡುಗಳ ಮೂಲಕ ಕಥೆ ಹೇಳೋ ನಾಟಕ) ನೋಡಿದೆ!
ಓದೋಕೆ ಲಂಡನ್ನಿಗೆ ಬಂದಿದ್ದೇನೆ, ಕಡಿಮೆ ದುಡ್ಡಿನಲ್ಲಿ ವೆಸ್ಟ್ ಎಂಡ್ (ಇಲ್ಲಿನ ದೊಡ್ಡ ನಾಟಕಮಂದಿರಗಳಿರೋ ಪ್ರದೇಶ) ಶೋ ನೋಡೋದು ಹೇಗೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಲೆಸ್ಟರ್ ಸ್ಕ್ವೇರ್‌ನ ರಿಯಾಯಿತಿ ಟಿಕೆಟ್ ಬೂತ್‌ಗೆ ಹೋದೆ, ಆದರೆ ಅಲ್ಲಿ ಉಳಿದಿದ್ದ ಸೀಟುಗಳೂ ನನ್ನ ಜೇಬಿಗೆ ಜಾಸ್ತಿಯೇ. ಕೊನೆಗೆ ಹಿಸ್ ಮೆಜೆಸ್ಟೀಸ್ ಥಿಯೇಟರಿನಲ್ಲಿ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'ಗೆ ತೀರಾ ಮೇಲಿನ ಬಾಲ್ಕನಿ ಸೀಟು ತಗೊಂಡೆ. 1986ರಲ್ಲಿ ಶುರುವಾದ ಶೋ ಇದು. ಎದುರಿಗೊಂದು ಕಬ್ಬಿಣದ ಕಂಬಿ, ಕತ್ತು ಬಗ್ಗಿಸಿ ಬಗ್ಗಿಸಿ ನೋವು ಬಂತು. ಆದರೂ ನಾಟಕದಲ್ಲಿ ದೊಡ್ಡ ದೀಪಗುಚ್ಛವೊಂದು ಬೀಳೋ ದೃಶ್ಯ ಬಂದಾಗ ಪಕ್ಕದ ಅಜ್ಜಿ ನನ್ನ ತೋಳು ಹಿಡಿದುಬಿಟ್ಟರು! ವೇದಿಕೆ ಮುಂದಿನ ಗುಂಡಿಯಲ್ಲಿ ವಾದ್ಯದವರು. ನಮ್ಮ ಕಂಪನಿ ನಾಟಕದ ಹಾರ್ಮೋನಿಯಂ ಮಾಸ್ತರೇ ನೆನಪಾದರು. ಮುಂದಿನ ಸಲ 'ಲೆ ಮಿಸರಾಬ್ಲ್' ಅನ್ನೋ ಇನ್ನೊಂದು ಮ್ಯೂಸಿಕಲ್, ಆದರೆ ಕಂಬಿ ಇಲ್ಲದ ಸೀಟು.